ಕೌದಿಯ ಹೊಟ್ಟೆ

ಸೂಜಿಯೊಂದು ಒಳಗೇ ಉಳಿದುಬಿಡಬಹುದಿತ್ತು. ಕೆಂಪು ಬಟ್ಟೆ ಬಣ್ಣ ಬಿಟ್ಟು ಕೂಸಿನ ಮೈಯೆಲ್ಲ ಕುಂಕುಮ ಮೆತ್ತಿದಂತಾಗಬಹುದಿತ್ತು. ಮೊದಲ ಒಗೆತಕ್ಕೇ ದಾರ ಬಿಚ್ಚಿಕೊಂಡು ಇಡೀ ಕೌದಿ ನಲವತ್ತು ಚಿಂದಿಗಳಾಗಿ ಬೇರೆ ಬೇರೆ ದಿಕ್ಕಿಗೆ ತೇಲಿ ಹೋಗಬಹುದಿತ್ತು. ಇಲಿ ಕಡಿಯಬಹುದಿತ್ತು. ಅಳತೆ ತಪ್ಪಿ ಕೂಸಿನ ಒಂದು ಕಾಲು ಸದಾ ಹೊರಗೇ ಇರಬಹುದಿತ್ತು. ಭಾವ ಒಂದು ದಿನ ಮೊದಲೇ ಬಂದುಬಿಡಬಹುದಿತ್ತು. ಹೆಡ್‌ಮಾಸ್ತರು ತಮ್ಮ ಪ್ಯಾಂಟಿನ ಗುರುತು ಹಿಡಿಯಬಹುದಿತ್ತು. ಅದರ ಕತೆ ಮುಂದೆ ಹೇಳುತ್ತೇನೆ. ನಾನು ಸೂಜಿ ಹಿಡಿದದ್ದು ಕ್ಲಾಸಿನ ಹುಡುಗರಿಗೆ ಗೊತ್ತಾಗಿ ಎಸ್ಸೆಸ್ಸೆಲ್ಸಿ ಮುಗಿಯುವವರೆಗೂ ನನ್ನ ಹೆಸರೇ ಬದಲಾಗಿಬಿಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅಜ್ಜಿ ಕೌದಿಯ ಮೇಲೆ ಒಮ್ಮೆ ಬೆರಳಾಡಿಸಿ, ಒಂದು ಮಾತೂ ಆಡದೆ ಮಡಚಿ ಪಕ್ಕಕ್ಕಿಟ್ಟುಬಿಡಬಹುದಿತ್ತು.

ಇದಿಷ್ಟನ್ನೂ ಸಮಾಜ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡಿದ್ದೆ. ಬರೆದಿಟ್ಟರೆ ಆಗುವುದಿಲ್ಲ ಎಂಬುದು ನನ್ನ ನಂಬಿಕೆ. ಈಗಲೂ ಅಷ್ಟೆ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ನಾಲ್ಕನೆಯ ಸಲ ಎಳೆಯಲು ವಾಪಸು ಬರುವವನು ನಾನು. ಮನೆಯವರು ಇದಕ್ಕೆ ವಯಸ್ಸು ಕಾರಣ ಎನ್ನುತ್ತಾರೆ. ಪಾಪ, ಅವರು ನನ್ನನ್ನು ಒಂಬತ್ತನೇ ಕ್ಲಾಸಿನಲ್ಲಿ ನೋಡಿದವರಲ್ಲ.

ಆಗ ನಾವು ಕೊಟ್ಟೂರಿನಲ್ಲಿದ್ದೆವು. ಡಿಸೆಂಬರಿನ ಕೊನೆಗೆ ಹತ್ತು ದಿನ ಶಾಲೆ ಇರುತ್ತಿರಲಿಲ್ಲ. ಅದಕ್ಕೆ ಕ್ರಿಸ್‌ಮಸ್ ರಜೆ ಎಂದು ಹೆಸರು. ಕ್ರಿಸ್‌ಮಸ್ ಎಂದರೇನೆಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ರಜೆ ಎಂದರೇನೆಂದು ಚೆನ್ನಾಗಿ ಗೊತ್ತಿತ್ತು. ಆ ವರ್ಷ ಅಕ್ಕ ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ನಾಲ್ಕು ತಿಂಗಳು ತುಂಬಿತ್ತು. ರಜೆಯ ಕೊನೆಯ ದಿನ ಹರಪನಹಳ್ಳಿಯಿಂದ ಭಾವ ಬಂದು ತಾಯಿ ಮಗಳನ್ನು ಕರೆದುಕೊಂಡು ಹೋಗುವುದೆಂದು ಗೊತ್ತಾಗಿತ್ತು.

ನಮ್ಮ ಮನೆಯಿಂದ ಯಾವ ಕೂಸೂ ಅಜ್ಜಿ ಹೊಲಿದ ಕೌದಿ ಇಲ್ಲದೆ ತಂದೆಯ ಮನೆಗೆ ಹೋದದ್ದಿಲ್ಲ. ಅವ್ವನ ಅಕ್ಕತಂಗಿಯರ ಮಕ್ಕಳೆಲ್ಲ ಅಜ್ಜಿಯ ಹಳೆಯ ಸೀರೆಗಳಡಿಯಲ್ಲೇ ಬೆಳೆದವರು. ಆದರೆ ಆ ವರ್ಷ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸುವ ನೌಕರಿ ಮೂರನೇ ಕ್ಲಾಸಿನಿಂದಲೂ ನನ್ನದೇ. ಶಾಲೆಗೆ ಹೋಗುವ ಮುಂಚೆ ಹನ್ನೊಂದು ಸೂಜಿಗೂ ದಾರ ಹಾಕಿ ದಿಂಬಿಗೆ ಚುಚ್ಚಿ ಹೋಗುತ್ತಿದ್ದೆ. ಆದರೆ ಈಗ ದಾರ ಹಾಕಿಕೊಟ್ಟರೂ ಅಜ್ಜಿಗೆ ಸಾಲು ಕಾಣುತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಸೂಜಿ ಬೆರಳಿಗೇ ಹೋಗುತ್ತಿತ್ತು.

"ಹರಪನಳ್ಳಿಯಾಗ ಚೊಲೊ ಚೊಲೊ ರಗ್ಗು ಬಂದಾವಂತಬೇ," ಎಂದಳು ಅವ್ವ ಒಂದು ದಿನ, ಅಜ್ಜಿಯ ಮುಖ ನೋಡದೆ. "ಹೋಗೋ ದಾರ್‍ಯಾಗ ಒಂದು ತಗಂಡ್ರಾತು."

"ಆತು ಬಿಡವ್ವಾ," ಎಂದಳು ಅಜ್ಜಿ. "ಈಗಿನ ಕೂಸು, ಅಂಗಡಿ ರಗ್ಗಿನಾಗ ಹೋಗ್ಲಿ."

ಅಷ್ಟು ಹೇಳಿ ಸೂಜಿಯ ಡಬ್ಬಿಯನ್ನು ತಡವಿ ತಡವಿ ಹುಡುಕಿ, ಮುಚ್ಚಳ ಹಾಕಿ, ಎದ್ದು ಗೂಡಿನೊಳಗೆ ಇಟ್ಟಳು. ಅಜ್ಜಿ ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಡಬ್ಬಿಯನ್ನು ಗೂಡಿನಲ್ಲಿಟ್ಟದ್ದು ನನಗೆ ತಡೆಯಲಾಗಲಿಲ್ಲ.

"ನಾ ಹೊಲೀತೀನಿ," ಎಂದೆ. "ಅಜ್ಜಿ ಹೇಳ್ಲಿ, ನಾ ಹೊಲೀತೀನಿ."

ಅಕ್ಕ ಕೂಸನ್ನು ಎತ್ತಿಕೊಂಡು ನಕ್ಕ ನಗುವಿಗೆ ಕೂಸು ಬೆಚ್ಚಿ ಅಳತೊಡಗಿತು. "ತನ್ನ ಚಡ್ಡಿ ಗುಂಡಿ ಹಚ್ಚಾಕ ಬರಂಗಿಲ್ಲ, ನನ್ನ ಮಗಳಿಗೆ ಕೌದಿ ಹೊಲೀತಾನಂತ! ಅಜ್ಜೀ, ಕೇಳಿದೇನು?"

ಅಜ್ಜಿ ನಗಲಿಲ್ಲ. ನನ್ನ ಕಡೆ ಎಂದುಕೊಂಡು ಕಂಬದ ಕಡೆ ತಿರುಗಿ, "ಡಬ್ಬಿ ತಗಂಬಾ," ಎಂದಳು.

ಮೊದಲು ಚಿಂದಿ ಬೇಕಿತ್ತು. ಅಡಿಯಲ್ಲಿ ಹಾಸಲು ಅಜ್ಜಿಯ ಸೀರೆಯೇ ಇತ್ತು. ಒಗೆದು ಒಗೆದು ಬೆಣ್ಣೆಯಾಗಿತ್ತು. "ಹೊಸಾ ಅರಿವಿ ಕೂಸಿನ ಮೈ ಕೆರೀತೈತಿ, ಹಳೇದೇ ಆಗಬೇಕು" ಎಂಬುದು ಅವಳ ಶಾಸ್ತ್ರ. ಮೇಲಿನ ಬಣ್ಣಬಣ್ಣದ ತುಂಡುಗಳಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ಟೇಲರ್ ಸಾಬರ ಅಂಗಡಿಗೆ ಹೋದೆ. ಅಂಗಡಿಯ ಮುಂದೆ ಮೂರು ಸಲ ಹೋಗಿ ಬಂದು, ಯಾರೂ ಇಲ್ಲದಾಗ ಒಳಗೆ ನುಗ್ಗಿದೆ.

"ಯಾರಿಗೆ ಬೇಕೋ ಬೇಟಾ, ಅಜ್ಜಿಗಾ?"

"ಹೂಂ... ಅಲ್ಲ. ನನಗ. ಯಾರಿಗೂ ಹೇಳಬ್ಯಾಡ್ರಿ, ನಾನೇ ಹೊಲಿಯಾವ."

ಸಾಬರು ಮಷಿನ್ನಿನ ಕಾಲು ನಿಲ್ಲಿಸಿದರು. "ಯಾಕ? ಹೊಲಿಯೋದು ಹೆಂಗ್ಸರ ಕೆಲಸಾ? ಮೂವತ್ತು ವರ್ಷ ಆತು ನಾ ಹೊಲಿಯಾಕ ಹತ್ತಿ. ಹಂಗಾರ ನಾ ಯಾರು?"

ಅವರೇ ಬುಟ್ಟಿ ಸುರಿದು ಒಂದೊಂದೇ ತುಂಡು ಎತ್ತಿ ಕೊಟ್ಟರು, ಪರಿಚಯ ಸಮೇತ. ಇದು ಬ್ಯಾಂಕಿನವರ ಮಗಳ ಲಂಗ. ಇದು ಮದುವೆಯೊಂದರ ಕುಬುಸ. ಇದು, ಕಂದು ಬಣ್ಣದ್ದು, ಗಟ್ಟಿ ಬಟ್ಟೆ, ನಿಮ್ಮ ಹೆಡ್‌ಮಾಸ್ತರ ಪ್ಯಾಂಟು. ಬೇಡ ಎನ್ನಲು ಧೈರ್ಯ ಸಾಲಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ, ಹೆಡ್‌ಮಾಸ್ತರ ಪ್ಯಾಂಟಿನಡಿ ಮಲಗಿ ಬೆಳೆದ ಕೂಸು ಮುಂದೆ ಏನಾಗುತ್ತದೆ ಎಂದು ಯೋಚಿಸಿದೆ. (ಅವಳು ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನಾನು ಏನೂ ಹೇಳುವುದಿಲ್ಲ.)

ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತಾ ನಡುವಿಗೆ ಬರಬೇಕು. ಬಿಸಿಲು ಬೀಳುವ ಕಟ್ಟೆಯ ಮೇಲೆ ಅಜ್ಜಿ ಕೂತು, ನನ್ನ ಮೊದಲ ಸಾಲಿನ ಮೇಲೆ ಹೆಬ್ಬೆರಳು ಎಳೆದಳು.

"ಇದು ಹೊಲಿಗಿ ಅಲ್ಲಲೇ. ಎತ್ತು ನಡಕೋಂತ ಉಚ್ಚಿ ಹೊಯ್ದಂಗೈತಿ."

"ನಿನಗ ಕಾಣಂಗಿಲ್ಲಲ್ಲ ಅಜ್ಜಿ, ಹೆಂಗ ಗೊತ್ತಾತು?"

"ಎತ್ತು ಉಚ್ಚಿ ಹೊಯ್ದಿದ್ದು ನೋಡೇ ತಿಳಕೊಬೇಕೇನು? ಬಿಚ್ಚು."

ಬಿಚ್ಚಿದೆ. ಮತ್ತೆ ಹೊಲಿದೆ. ಜೋಳದ ಕಾಳಿನಷ್ಟು ಹೊಲಿಗೆ, ಜೋಳದ ಕಾಳಿನಷ್ಟು ಬಿಡುವು, ಅದು ಲೆಕ್ಕ. ಮೊದಲ ಎರಡು ದಿನ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಮೂರನೆಯ ದಿನ ಅಜ್ಜಿ ಒಂದು ಸಾಲಿಗೆ "ಹೂಂ" ಎಂದಳು. ಆ ಹೂಂಕಾರದ ಮೇಲೆ ನಾನು ಮಧ್ಯಾಹ್ನದ ಊಟ ಮರೆತು ಆರು ಸಾಲು ಹೊಲಿದೆ.

ನಾಲ್ಕನೆಯ ದಿನ ಓಣಿಯ ಹುಡುಗರು ಕ್ರಿಕೆಟ್ಟಿಗೆ ಕರೆಯಲು ಬಂದರು. ಬಾಗಿಲಲ್ಲಿ ಅವರ ದನಿ ಕೇಳುತ್ತಲೇ ಕಟ್ಟೆಯ ಮೇಲೆ ಅಡ್ಡಬಿದ್ದು ಕೌದಿ ಹೊದ್ದುಕೊಂಡೆ. ಕೂಸಿನ ಅಳತೆಯ ಕೌದಿ. ಕತ್ತು ಮುಚ್ಚಿದರೆ ಹೊಕ್ಕುಳಿಗೆ ಮುಗಿಯುತ್ತಿತ್ತು.

"ಅವಗ ಜ್ವರ ಬಂದಾವ," ಎಂದಳು ಅಕ್ಕ, ಒಳಗಿನಿಂದ ಬಂದು. ಅವಳಿಗೆ ಕರುಣೆ ಬಂತೆಂದು ನಾನು ಕಣ್ಣು ಮುಚ್ಚಿಕೊಂಡೆ. "ಅರ್ಧ ಮೈಗೆ ಅಷ್ಟೇ ಬಂದಾವ. ಕೆಳಗಿನರ್ಧ ಬೇಕಾದ್ರ ಆಟಕ್ಕ ಕರಕಂಡು ಹೋಗ್ರಿ."

ಸದ್ಯ, ಹುಡುಗರಿಗೆ ತಿಳಿಯಲಿಲ್ಲ. ಆದರೆ ಅವರು ಹೋದ ಮೇಲೆ ಎದ್ದು ಎಣಿಸಿದರೆ ಹನ್ನೊಂದು ಸೂಜಿಗಳಲ್ಲಿ ಹತ್ತೇ ಇದ್ದವು.

ಪಟ್ಟಿಯ ಮೊದಲನೆಯ ಚಿಂತೆಯೇ ಅದು. ಅವ್ವ, ಅಕ್ಕ, ನಾನು ಮೂವರೂ ಕೌದಿಯ ಅಂಗುಲ ಅಂಗುಲ ಹಿಸುಕಿದೆವು. ಅಡಿಯ ಸೀರೆಯನ್ನು ಬೆಳಕಿಗೆ ಹಿಡಿದೆವು. ಅಷ್ಟರೊಳಗೆ ನನ್ನ ತಲೆಯಲ್ಲಿ ಕೂಸನ್ನು ಹೊಸಪೇಟೆಯ ದೊಡ್ಡ ಆಸ್ಪತ್ರೆಗೆ ಸಾಗಿಸಿಯೂ ಆಗಿತ್ತು. ಅಜ್ಜಿ ಮಾತ್ರ ಕೂತಲ್ಲೇ ನನ್ನನ್ನು ಹತ್ತಿರ ಕರೆದು, ಅಂಗಿಯ ಕಾಲರಿಗೆ ಕೈಹಾಕಿ, ಸೂಜಿಯನ್ನು ಹೊರಗೆಳೆದಳು. ಹುಡುಗರು ಬಂದ ಗಡಿಬಿಡಿಯಲ್ಲಿ ನಾನೇ ಚುಚ್ಚಿಕೊಂಡಿದ್ದೆ.

"ಎಲ್ಲಾ ಸೂಜಿ ಕಳಕೊಳ್ಳಾರೂ ಅಲ್ಲೇ ಚುಚ್ಚಿಕೋತಾರ," ಎಂದಳು.

ಹೀಗೆ ಒಂಬತ್ತನೆಯ ದಿನ ಮಧ್ಯಾಹ್ನಕ್ಕೆ, ಅಜ್ಜಿ ಹೇಳಿದಂತೆ ಮೊದಲೇ ಹೊಲಿಯದೆ ಬಿಟ್ಟಿದ್ದ ಒಂದು ಮೂಲೆ ಮಾತ್ರ ಉಳಿಯಿತು. ಆ ಮೂಲೆಯನ್ನು ಮುಚ್ಚುವ ಮುಂಚೆ ಒಂದು ಕೆಲಸವಿತ್ತು. ನಮ್ಮ ಕಡೆ ಕೌದಿಯ ಹೊಟ್ಟೆ ತುಂಬಿಸದೆ ಮುಚ್ಚುವುದಿಲ್ಲ. ಒಳಗೆ ಒಂದು ಚೂರು ಒಣರೊಟ್ಟಿ ಇಟ್ಟು ಹೊಲಿಯುತ್ತಾರೆ. "ಹಸದ ಕೌದಿ ಹೊದ್ದ ಕೂಸು ಮಲಗಂಗಿಲ್ಲ," ಎನ್ನುತ್ತಿದ್ದಳು ಅಜ್ಜಿ. "ಕೌದಿ ತಾನೂ ಉಂಡಿರಬೇಕು."

"ಅಡಗಿಮನ್ಯಾಗ ಹೋಗಿ ಒಂದು ಚೂರು ತಗಂಡು ಇಟ್ಟು ಹೊಲಿ," ಎಂದು ಹೇಳಿ ಅಜ್ಜಿ ಅಡ್ಡಾದಳು.

ಹೋದೆ. ರೊಟ್ಟಿಯ ಬುಟ್ಟಿ ತೆರೆದೆ. ಕಟಿ ರೊಟ್ಟಿ, ಹಂಚಿನ ಹಾಗಿತ್ತು. ಕೈಯಲ್ಲಿ ಹಿಡಿದು ಯೋಚಿಸಿದೆ. ಬೇರೆಯವರಾದರೆ ಇಲ್ಲಿ ಯೋಚಿಸುತ್ತಿರಲಿಲ್ಲ, ನಾನು ಯೋಚಿಸಿದೆ. ಇದು ಯಾರ ಕೌದಿ? ನಾಲ್ಕು ತಿಂಗಳ ಕೂಸಿನದು. ಕೂಸಿಗೆ ಹಲ್ಲಿಲ್ಲ. ಅಂದಮೇಲೆ ಕೂಸಿನ ಕೌದಿಗೆ ಹಲ್ಲೆಲ್ಲಿಂದ ಬರಬೇಕು? ಇದನ್ನು ಅಗಿಯಲಾಗದೆ ಅದು ಹಸಿದೇ ಉಳಿದರೆ? ಮೇಲಾಗಿ ರೊಟ್ಟಿಯ ವಾಸನೆಗೆ ಇಲಿ ಬಂದರೆ? ಪಟ್ಟಿಯಲ್ಲಿ ಇಲಿ ಇತ್ತಲ್ಲ. ರೊಟ್ಟಿ ವಾಪಸು ಇಟ್ಟು, ಪಕ್ಕದ ಡಬ್ಬಿಯಿಂದ ಹುಣಸೆ ಬೀಜದಷ್ಟು ಬೆಲ್ಲ ತೆಗೆದುಕೊಂಡೆ. ಬೆಲ್ಲಕ್ಕೆ ಹಲ್ಲು ಬೇಡ. ತಾನೇ ಕರಗುತ್ತದೆ. ಕೂಸಿಗೂ ಖುಷಿ. ನನ್ನ ಬುದ್ಧಿಗೆ ನಾನೇ ಬೆರಗಾಗಿ ಮೂಲೆ ಹೊಲಿದುಬಿಟ್ಟೆ.

ಸಂಜೆ ಅಜ್ಜಿಯ ತೊಡೆಯ ಮೇಲೆ ಕೌದಿ ಹರಡಿದೆ. ಅವಳು ಕಣ್ಣು ಮುಚ್ಚಿಕೊಂಡು, ತೆರೆದಿದ್ದರೂ ಉಪಯೋಗವಿರಲಿಲ್ಲವಲ್ಲ, ಸಾಲು ಸಾಲಾಗಿ ಬೆರಳು ನಡೆಸಿದಳು. ಒಂದು ಕಡೆ ನಿಂತಳು. "ಇಲ್ಲಿ ಹುಡುಗ್ರು ಬಂದಿದ್ರು." ಮತ್ತೆ ಮುಂದೆ ಹೋಗಿ, "ಇಲ್ಲಿ ನಿನಗ ಹಸಿವಾಗಿತ್ತು, ಹೊಲಿಗಿ ಓಡ್ಯಾವು." ಕೊನೆಯ ಮೂಲೆಗೆ ಬಂದು ಒತ್ತಿ ನೋಡಿದಳು.

"ರೊಟ್ಟಿ ಭಾಳ ದಪ್ಪ ಇಟ್ಟೀಯಲ್ಲೋ."

"ಕೂಸಿಗೆ ಹಸಿವು ಜಾಸ್ತಿ ಅಜ್ಜಿ."

"ಹೂಂ," ಎಂದಳು. ಆಮೇಲೆ ಅವ್ವನನ್ನು ಕರೆದು, "ರಗ್ಗು ಬ್ಯಾಡ ಅಂತ ಹೇಳು ಅಳಿಯಗ. ಕೌದಿ ಆಗೈತಿ," ಎಂದಳು. "ನಾ ಹೊಲಿದಿದ್ದಲ್ಲ ಅಂತಾನೂ ಹೇಳು. ನನ್ನ ಕೈ ಹತ್ತಿಲ್ಲ ಅದಕ್ಕ, ಈ ಸಲ." ಆ ಕೊನೆಯ ಮಾತು ಅವಳು ಮೆಲ್ಲಗೆ ಆಡಿದಳು. ಗೆದ್ದ ಖುಷಿಯಲ್ಲಿದ್ದ ನಾನು ಅದನ್ನು ಅಷ್ಟಾಗಿ ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಭಾವ ಹೇಳಿದ ಬಸ್ಸಿಗೇ ಬಂದ. ಬಣ್ಣ ಬಿಟ್ಟಿರಲಿಲ್ಲ. ಇಲಿ ಕಡಿದಿರಲಿಲ್ಲ. ಅಳತೆ ಹಿಡಿದು ನೋಡಿದರೆ ಕೂಸಿನ ಎರಡೂ ಕಾಲು ಒಳಗಿದ್ದವು. ಹೊಸ ಕೌದಿಗೆ ಹೊರಡುವ ಮುಂಚೆ ಒಂದಿಷ್ಟು ಬಿಸಿಲು ಕಾಣಿಸಬೇಕೆಂದು ಅವ್ವ ಅಂಗಳದ ಹಗ್ಗಕ್ಕೆ ಹಾಕಿದ್ದಳು. ಭಾವ ಚಹಾ ಬಸಿ ಹಿಡಿದು ಅಂಗಳಕ್ಕೆ ಬಂದವನು ಕೌದಿಯ ಎದುರು ನಿಂತ. ಅವನು ಹೊಗಳಲಿ ಎಂದು ನಾನು ಕಂಬದ ಮರೆಯಲ್ಲಿ ಕಾದೆ.

"ಅಲ್ಲಪ್ಪಾ," ಎಂದ ಭಾವ, "ಇದೇನು ಇರುವೆ ದಿಬ್ಬಣ ಹೊಂಟಂಗೈತೆ?"

ಗೋಡೆಯ ಬಿರುಕಿನಿಂದ ಹೊರಟು, ಮೊಳೆ ಹತ್ತಿ, ಹಗ್ಗದುದ್ದಕ್ಕೂ ಸಾಗಿ, ಕೌದಿಯ ಉಳಿದ ಮೂರು ಮೂಲೆಗಳ ಕಡೆ ಕಣ್ಣೆತ್ತಿಯೂ ನೋಡದೆ, ಸಣ್ಣ ಕರಿ ಇರುವೆಗಳ ಸಾಲೊಂದು ನೇರ ನಾಲ್ಕನೆಯದಕ್ಕೆ ಇಳಿಯುತ್ತಿತ್ತು. ನನ್ನ ಹೊಲಿಗೆಗಿಂತ ನೆಟ್ಟಗಿತ್ತು ಆ ಸಾಲು.

ಅವ್ವ ಕೌದಿ ಝಾಡಿಸಿ ಅಜ್ಜಿಯ ಕೈಗೆ ಕೊಟ್ಟಳು. "ಏನಿಟ್ಟೀಲೇ ಹೊಟ್ಯಾಗ?" ಎಂದಳು ಅಜ್ಜಿ.

"ಬೆಲ್ಲ... ಕೂಸಿಗೆ ಹಲ್ಲಿಲ್ಲಲ್ಲ, ಅದಕ್ಕ."

ಅಕ್ಕ ನಗುತ್ತಾ ಕಟ್ಟೆಯ ಮೇಲೆ ಕುಸಿದಳು. ಭಾವನ ಬಸಿಯಿಂದ ಚಹಾ ಚೆಲ್ಲಿತು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಅಜ್ಜಿ ಉಗುರಿನಿಂದ ಮೂಲೆಯ ನಾಲ್ಕು ಹೊಲಿಗೆ ಬಿಚ್ಚಿ, ಬೆಲ್ಲ ತೆಗೆದು, ಊದಿ, ತನ್ನ ಬಾಯಿಗೆ ಹಾಕಿಕೊಂಡಳು.

"ರೊಟ್ಟಿ ಚೂರು ತಗಂಬಾ. ಸೂಜಿಗೆ ದಾರ ಹಾಕು."

ಹಾಕಿ ಕೊಟ್ಟೆ. ನಾನೇ ಹೊಲಿಯುತ್ತೇನೆಂದು ಕೈಚಾಚಿದರೆ ಅವಳು ಕೊಡಲಿಲ್ಲ. ಮೂಲೆಯನ್ನು ಎರಡು ಬೆರಳ ನಡುವೆ ಹಿಡಿದು, ಎಡಗೈ ಹೆಬ್ಬೆರಳನ್ನು ದಾರಿಗೆ ಇಟ್ಟುಕೊಂಡು, ಒಂದೊಂದೇ ಹೊಲಿಗೆ ಹಾಕಿದಳು. ಆ ಬೆರಳಿಗೆ ಎರಡು ಸಲ ಸೂಜಿ ಚುಚ್ಚಿತು; ಅವಳು ಬಾಯಲ್ಲಿದ್ದ ಬೆಲ್ಲವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದಳು, ಅಷ್ಟೆ. ಅಂಗಳದಲ್ಲಿ ಭಾವ ಗಡಿಯಾರ ನೋಡಿಕೊಳ್ಳುತ್ತಿದ್ದ. ಯಾರೂ ಅವಸರ ಮಾಡಲಿಲ್ಲ. ಏಳು ಹೊಲಿಗೆ. ದಾರವನ್ನು ಹಲ್ಲಿನಿಂದ ಕಡಿದು, "ಈಗ ಹೊದಿಸ್ರಿ," ಎಂದಳು.

ಅವರೆಲ್ಲ ಬಸ್ಸಿಗೆ ಹೋದ ಮೇಲೆ ನಾನು ನೋಟ್‌ಬುಕ್ ತೆಗೆದು ಪಟ್ಟಿಯನ್ನು ಇನ್ನೊಮ್ಮೆ ಓದಿದೆ. ಸೂಜಿ ಇತ್ತು, ಬಣ್ಣ ಇತ್ತು, ಇಲಿ ಇತ್ತು, ಹೆಡ್‌ಮಾಸ್ತರೂ ಇದ್ದರು. ಇರುವೆ ಇರಲಿಲ್ಲ.

ಅಂಗಳದಲ್ಲಿ ಅವು ಮಾತ್ರ ಸಂಜೆಯವರೆಗೂ ಖಾಲಿ ಹಗ್ಗದ ಮೇಲೆ ಹುಡುಕುತ್ತಲೇ ಇದ್ದವು.