ಗುದ್ದಲಿ ಬೀಳುವ ಮೊದಲು

ಹೋದ ವಾರ ಶಿವಬಸವ ನಗರದ ನಮ್ಮ ಈಗಿನ ಮನೆಯ ಮಾಳಿಗೆಯ ಮೇಲೆ ಅವ್ವ ಹಳೆಯ ಗಾದಿಯೊಂದರ ಹೊಲಿಗೆ ಬಿಚ್ಚಿದಳು. ಒಳಗಿನ ಹತ್ತಿ ಗಂಟುಗಂಟಾಗಿತ್ತು. ಬಿಸಿಲು ತಾಗಿದ ಸ್ವಲ್ಪ ಹೊತ್ತಿಗೆ ವಾಸನೆ ಎದ್ದಿತು. ಧೂಳು, ಹತ್ತಿಬೀಜದ ಎಣ್ಣೆ, ಜೊತೆಗೆ ಯಾರೋ ಈಗಷ್ಟೇ ಮಲಗಿ ಎದ್ದು ಹೋದಂಥ ಬೆಚ್ಚನೆಯ ವಾಸನೆ. "ಇದು ಅನಗೋಳದ ಚಾಚಾ ತುಂಬಿಕೊಟ್ಟಿದ್ದವಾ" ಅಂದಳು ಅವ್ವ. ಹೇಳಬೇಕಾಗಿರಲಿಲ್ಲ. ನಾನು ಆಗಲೇ ಆ ಓಣಿಯಲ್ಲಿದ್ದೆ...

ಆಗ ನಮ್ಮ ಮನೆ ಅನಗೋಳದಲ್ಲಿತ್ತು. ಓಣಿ ಮುಗಿಯುವಲ್ಲಿ ಚಾಚಾರ ಗಾದಿ ಅಂಗಡಿ. ಹತ್ತಿ ಹಿಂಜುವ ಯಂತ್ರ ಸುರುವಾಯಿತೆಂದರೆ ಓಣಿಯ ಹರಟೆಯೆಲ್ಲ ಬಂದ್. ಸಂಜೆಯ ಹೊತ್ತಿಗೆ ಅವರ ಹುಬ್ಬು, ಗಡ್ಡ, ಕಿವಿಯ ಮೇಲಿನ ಕೂದಲು ಎಲ್ಲಕ್ಕೂ ಹತ್ತಿ ಮೆತ್ತಿರುತ್ತಿತ್ತು. ಆದರೂ ರೂಪದ ಬಗ್ಗೆ ಭಾರೀ ಹೆಮ್ಮೆ. ಗಡ್ಡಕ್ಕೆ ಮೆಹಂದಿ ತಪ್ಪಿಸಿದವರಲ್ಲ. ಮನೆಯಲ್ಲಿ ಉರ್ದು, ಗಿರಾಕಿಗಳ ಜೊತೆ ಮರಾಠಿ, ಸಿಟ್ಟು ಬಂದರೆ ಕನ್ನಡ. ನನ್ನ ಜೊತೆ ಸದಾ ಕನ್ನಡವೇ ಮಾತಾಡುತ್ತಿದ್ದರು. ಅದರ ಅರ್ಥ ನೀವೇ ಮಾಡಿಕೊಳ್ಳಿ.

ಡಿಗ್ರಿಯ ಕೊನೆಯ ಸೆಮಿಸ್ಟರಿನಲ್ಲಿ ನಾನೂ ನನ್ನ ಗೆಳತಿಯೂ ಸೇರಿ ಒಂದು ಮ್ಯೂಸಿಕ್ ವಿಡಿಯೋ ಮಾಡಬೇಕಿತ್ತು. ಕ್ಯಾಮೆರಾ ಅವಳದು, ಎಡಿಟಿಂಗ್ ನನ್ನದು. ನಮ್ಮ ಮೇಡಂ ಖಡಕ್ ಹೆಂಗಸು. ಚಿತ್ರೀಕರಣಕ್ಕಿಂತ ತಯಾರಿಗೇ ಹೆಚ್ಚು ಅಂಕ ಎಂದು ಮೊದಲೇ ಹೇಳಿಬಿಟ್ಟಿದ್ದರು. ಹಾಡು ಎಲ್ಲಿಂದ ಬಂತು, ಯಾರು ಹಾಡುತ್ತಾರೆ, ಎಲ್ಲಿ ಶೂಟ್ ಮಾಡುತ್ತೀರಿ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಎಲ್ಲವನ್ನೂ ವಿಚಾರಿಸಿ ತಿಳಿದುಕೊಂಡು ಬರಬೇಕು. ಅದಕ್ಕೂ ಮೊದಲು ಹಾಡು ರೆಕಾರ್ಡ್ ಆಗಬೇಕು. ಶೂಟಿಂಗ್ ಜಾಗದಲ್ಲಿ ಅದನ್ನೇ ಸ್ಪೀಕರಿನಲ್ಲಿ ಹಾಕಿ, ಹಾಡುವವರು ಅದಕ್ಕೆ ತುಟಿ ಕೂಡಿಸಬೇಕು. ಹಾಡಿಲ್ಲದೆ ಮ್ಯೂಸಿಕ್ ವಿಡಿಯೋ ಇಲ್ಲ, ಮಾತು ಮುಗಿಯಿತು.

ಗೆಳತಿ ಖಾನಾಪುರದ ಹತ್ತಿರದ ಒಂದು ಹಳ್ಳಿಯವಳು. "ನಮ್ಮೂರ ಮೊಹರಮ್ಮಿನಾಗ ಒಂದು ಹಾಡೈತಿ. ಹಾಡಾಂವ ಯಾರ ಗೊತ್ತೇನು? ನಿಮ್ಮ ಓಣಿ ಗಾದಿ ಚಾಚಾ" ಅಂದಳು. ನಾನು ನಕ್ಕುಬಿಟ್ಟೆ. ಆ ಗಂಟಲಿನಿಂದ ನಾನು ಕೇಳಿದ್ದು ಹತ್ತಿಗೆ ಕಾಲಿಟ್ಟ ನಾಯಿಗೆ ಬೈಯುವುದು ಮಾತ್ರ.

ಆದರೆ ಅವಳು ಹೇಳಿದ್ದು ನಿಜ. ಚಾಚಾ ಹುಟ್ಟಿದ ಊರೂ ಅದೇ. ಕರ್ಬಲಾದ ಕಥೆಯ ರಿವಾಯತ್ ಪದಗಳನ್ನು ಅಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿಯೇ ಹಾಡುತ್ತಾರೆ. ಮೊಹರಮ್ಮಿನ ಕೊನೆಯ ದಿನ ಪಂಜಾ ದೇವರನ್ನು ಮಲಪ್ರಭೆಗೆ ಒಯ್ದಾಗ ಹಲಗೆಗಳು ನಿಲ್ಲುತ್ತವೆ. ಹೊಳೆಯ ದಂಡೆಯಲ್ಲಿ ಊರವರೆಲ್ಲ ಕೈಕೈ ಹಿಡಿದು ಸುತ್ತಲೂ ನಿಲ್ಲುತ್ತಾರೆ. ಆಗ ಒಬ್ಬರೇ ಹಾಡುತ್ತಾರೆ, ಉಳಿದವರದು ‘ಹಾಯ್ ಹಾಯ್’ ಎಂಬ ಸೊಲ್ಲು ಮಾತ್ರ. ಗೆಳತಿ ಚಿಕ್ಕವಳಿದ್ದಾಗ ಆ ಸುತ್ತಿನಲ್ಲಿ ನಿಂತಿದ್ದಳಂತೆ. ಧಾಟಿ ನೆನಪಿದೆಯೇ ಎಂದರೆ ಇಲ್ಲ. ಬಾಜೂಕ ನಿಂತ ಕಾಕಾ ತನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದ ಎನ್ನುವುದಷ್ಟೇ ನೆನಪು.

ವಿಡಿಯೋ ಎಂದ ಕೂಡಲೇ ಚಾಚಾ ಖುಷಿಯಾಗಿಬಿಟ್ಟರು. ಅಂಗಿ ಯಾವುದು ಹಾಕಲಿ, ಬಲಗಡೆಯಿಂದ ಚಂದ ಕಾಣುತ್ತೇನೋ ಎಡಗಡೆಯಿಂದಲೋ ಎಂದು ನಮ್ಮನ್ನೇ ಕೇಳಿದರು. ಆಮೇಲೆ ಹೊಡೆದರು ಒಂದು ಬಾಂಬು.

"ಹಾಡಾಕ ನಾ ತಯಾರ್ ಅದೀನಿ. ಆದ್ರ ಚಂದ್ರ ಕಾಣಬೇಕು, ಅಲಾಯಿ ಕುಣಿಗೆ ಗುದ್ದಲಿ ಬೀಳಬೇಕು. ಗುದ್ದಲಿ ಬೀಳೂ ತನಾ ನನ್ನ ಬಾಯಿಂದ ಧಾಟಿ ಹೊಂಡಂಗಿಲ್ಲ."

ಮೊಹರಮ್ಮಿನ ಚಂದ್ರ ಕಂಡ ಮೇಲೆ ಬೆಂಕಿಯ ಕುಣಿ ತೋಡಲು ಮೊದಲ ಗುದ್ದಲಿ ಹಾಕುತ್ತಾರೆ. ಅದು ಬರುವುದು ಜುಲೈ ಕೊನೆಗೆ. ನಮ್ಮ ವಿಡಿಯೋ ಕೊಡಬೇಕಾದದ್ದು ಮೇ ತಿಂಗಳಲ್ಲಿ. ಹಾಗೆಂದು ಗೋಳಾಡಿದರೆ ಚಾಚಾ, "ಚಂದ್ರಗ ನಿಮ್ಮ ಮಾರ್ಕ್ಸಿಂದು ಏನ್ ಗೊತ್ತವಾ?" ಅಂದರು. ಈ ಹಾಡು ಕಲಿಸಿದ ಗುರುವಿಗೆ ಅವರು ಮಾತು ಕೊಟ್ಟಿದ್ದರು. ಗುರು ಎಂದರೆ ಅದೇ ಊರಿನ ಲಿಂಗಾಯತ ರೈತ, ಹಣೆತುಂಬ ವಿಭೂತಿ ಹಚ್ಚುತ್ತಿದ್ದ ಮುದುಕ. ಗುದ್ದಲಿ ಬೀಳುವ ಮೊದಲು ಹಾಡಬಾರದು, ಹಾಡು ತಮಾಷೆಗೆ, ಮದುವೆಗೆ, ಸಾರಾಯಿ ಅಂಗಡಿಯ ಮುಂದೆ ಬೀಳಬಾರದು ಎಂದು ಮಾತು ತೆಗೆದುಕೊಂಡಿದ್ದ ಆತ ಸತ್ತು ಎಷ್ಟೋ ಕಾಲವಾಗಿತ್ತು.

ಪದಗಳನ್ನು ಮಾತ್ರ ಚಾಚಾ ಧಾರಾಳವಾಗಿ ಹೇಳಿಕೊಟ್ಟರು. ಹೇಳೂದು ಬ್ಯಾರೆ, ಹಾಡೂದು ಬ್ಯಾರೆ ಎನ್ನುವುದು ಅವರ ಕಾಯಿದೆ. ಸವಾರನಿಲ್ಲದೆ ಬಂದ ಕುದುರೆಯನ್ನು ತಂಗಿಯೊಬ್ಬಳು ನಿಲ್ಲಿಸಿ ಕೇಳುತ್ತಾಳೆ: ‘ಎಲ್ಲಿ ಇಳಿಸಿ ಬಂದ್ಯೋ ಕುದುರಿ, ನನ್ನ ಅಣ್ಣನ?’ ಅವರು ಅದನ್ನು ಬಾಜಾರದ ಚೀಟಿ ಓದಿದ ಹಾಗೆ ಹೇಳಿದರು. ಆದರೂ ಗೆಳತಿ ಕಣ್ಣೊರೆಸಿಕೊಂಡಳು. ಕದ್ದು ರೆಕಾರ್ಡ್ ಮಾಡೋಣವೆಂದರೆ ಕದಿಯಲಿಕ್ಕೆ ಒಂದು ಗುನುಗಾದರೂ ಇರಬೇಕಲ್ಲ! ಮೈಮರೆತೂ ಗುನುಗದ ಮನುಷ್ಯ.

ನಾವು ತಯಾರಿ ನಿಲ್ಲಿಸಲಿಲ್ಲ. ಯಾವ ಸಾಲಿಗೆ ಹೊಳೆ, ಯಾವ ಸಾಲಿಗೆ ಖಾಲಿ ದಾರಿ, ಎಲ್ಲಿ ಮುಖ ಹತ್ತಿರ ಬರಬೇಕು, ಎಲ್ಲವೂ ಸಿದ್ಧವಾಯಿತು. ಅವ್ವ, "ಕೂಸು ಹುಟ್ಟೂ ಮೊದ್ಲ ಕುಲಾವಿ ಹೊಲಿಯಾಕತ್ತೀರಿ" ಎಂದು ಚೇಷ್ಟೆ ಮಾಡಿದಳು. ಹೇಗೂ ಚಾಚಾ ಒಪ್ಪಿಯಾರು ಎಂಬ ಭಂಡ ಧೈರ್ಯ ನಮಗೆ.

ಅವರ ದನಿ ಗೊಗ್ಗರಾಗುತ್ತ ಬಂದದ್ದು ಅದೇ ಬೇಸಿಗೆಯಲ್ಲಿ. ಹತ್ತಿಯ ಧೂಳು ಎಂದು ಬೆಲ್ಲ ತಿಂದು ಸುಮ್ಮನಾಗುತ್ತಿದ್ದರು. ಚಾಚಿ ಜಬರದಸ್ತಿಯಿಂದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗಂಟಲಲ್ಲಿ ಗಡ್ಡೆ, ಒಳ್ಳೆಯದಲ್ಲ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆದಷ್ಟು ಬೇಗ. ಆಮೇಲೆ ದನಿ ಇರುವುದಿಲ್ಲ.

ಸುದ್ದಿ ಕೇಳಿದ ಮೇಲೆ ನಾವು ಖಾನಾಪುರದ ಬಸ್ಸು ಹತ್ತಿದೆವು. ಊರಿನಲ್ಲಿ ಯಾರಾದರೂ ಹಾಡನ್ನು ಮೊಬೈಲಿನಲ್ಲಿ ತುಂಬಿಕೊಂಡಿರಬಹುದು ಎಂದು ಮನೆಮನೆ ತಿರುಗಿದೆವು. ಕುಣಿತ ಇತ್ತು, ಹಲಗೆ ಇತ್ತು, ಹಾಡಿಲ್ಲ. ಹಾಡಿನ ಹೊತ್ತಿಗೆ ಎಲ್ಲರ ಎರಡೂ ಕೈ ಬೇರೆಯವರ ಕೈಯಲ್ಲಿರುತ್ತವೆ, ಮೊಬೈಲು ಹಿಡಿಯುವವರು ಯಾರು? ಒಬ್ಬನ ಹತ್ತಿರ ಒಂದು ತುಣುಕಿತ್ತು. ಚಾಚಾ ಉಸಿರೆಳೆದುಕೊಳ್ಳುತ್ತಾರೆ, ಅಷ್ಟರಲ್ಲಿ ಪಕ್ಕದವರು ಕೈ ಕೇಳುತ್ತಾರೆ, ಮೊಬೈಲು ಕಿಸೆಗೆ ಹೋಗುತ್ತದೆ. ಆಮೇಲೆ ಬಟ್ಟೆ ಸವರುವ ಸಪ್ಪಳ ಮಾತ್ರ. ಹಾಡಿ ತೋರಿಸಿ ಎಂದರೆ ಒಬ್ಬೊಬ್ಬರದು ಒಂದೊಂದು ಧಾಟಿ, ತನ್ನದೇ ಖರೇ ಎಂದು ಪ್ರತಿಯೊಬ್ಬರ ಆಣೆ.

ಕೊನೆಗೆ ಗುರುವಿನ ಹೆಂಡತಿಯ ಹತ್ತಿರ ಹೋದೆವು. ಅಜ್ಜಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಹಣ್ಣು ಬಿಡಿಸುತ್ತಿದ್ದಳು. ನಾವು ಹೇಳಿದ್ದನ್ನೆಲ್ಲ ಕೇಳಿ, ವಿಡಿಯೋ ತುಂಬಿಕೊಳ್ಳುತ್ತಿದ್ದ ನಮ್ಮ ಮೊಬೈಲಿನ ಕಡೆ ನೋಡಿ, ಚಾಚಾ ಎದುರಿಗೇ ಕುಳಿತಿದ್ದಾರೆ ಎನ್ನುವ ಹಾಗೆ ಗದರಿದಳು.

"ಏ ಹುಚ್ಚ, ಹಾಡು. ನೀ ಕೊಟ್ಟ ಮಾತಿಂದ ನಿನ್ನ ನಾ ಬಿಡಿಸೇನಿ. ಗಂಟಲಾ ಹೋದ ಮ್ಯಾಲ ಮಾತ ಇಟಗೊಂಡ ಏನ್ ಮಾಡ್ತಿ?"

ಗೆದ್ದೆವು ಎಂದುಕೊಂಡೆವು. ಬಸ್ಸಿನಲ್ಲಿ ಕುಳಿತೇ ಸ್ಟುಡಿಯೋ ಸಿಗುತ್ತದೆಯೇ ಎಂದು ಮೇಡಂಗೆ ಫೋನು ಮಾಡಿದೆವು. ಚಾಚಾ ಆ ವಿಡಿಯೋ ನೋಡಿ ನಕ್ಕರು, ಮತ್ತೆ ಹಾಕಲು ಹೇಳಿದರು, ಆಮೇಲೆ ಅತ್ತರು. "ನಮ್ಮ ವೈನಿ ಬಂಗಾರದಂಥಾಕಿ" ಎಂದು ಅಜ್ಜಿಯನ್ನು ಹೊಗಳಿದರು. "ಖರೇ, ಮಾತ ನಾ ವೈನಿಗೆ ಕೊಟ್ಟಿಲ್ಲಲಾ. ತಗೊಂಡಾಂವನ ಬಂದ ಬಿಡಸಬೇಕು."

ಸತ್ತವನನ್ನು ಎಲ್ಲಿಂದ ಕರೆತರುವುದು? ನನಗೆ ಸಿಟ್ಟು ನೆತ್ತಿಗೇರಿತು. ಚಾಚಾ ನನ್ನ ಮುಖ ನೋಡಿ, "ನನಗೇನ ಆಸೆ ಇಲ್ಲಂತ ತಿಳದೀಯೇನು? ಆಪರೇಶನ್ ಮುಂದ ಹಾಕ್ತೇನಿ. ಎರಡ ತಿಂಗಳದಾಗ ಏನ್ ಆಕ್ಕೈತಿ? ಹೊಳಿ ದಂಡಿಮ್ಯಾಲ ಹಾಡ್ತೇನಿ, ನೀವು ತುಂಬಕೋರಿ. ಆಮ್ಯಾಲ ಬೇಕಾದ್ದ ಕೊಯ್ಲಿ" ಅಂದರು.

ಒಂದು ಗಳಿಗೆ ನಮ್ಮಿಬ್ಬರ ಮುಖವೂ ಅರಳಿತು. ಹೆಚ್ಚಿನ ಸಮಯ ಕೇಳೋಣ ಎಂದು ಮೇಡಂ ಕೂಡ ಹೇಳಿದರು. ಆದರೆ ಮರುದಿನ ಮಧ್ಯಾಹ್ನ ಚಾಚಿ ನಮ್ಮ ಮನೆಗೆ ಬಂದರು. ಕುಂದರ್ರಿ ಎಂದರೂ ಕೂರಲಿಲ್ಲ.

"ತಡಾ ಮಾಡಿದ್ರ ಗಂಟಲಾ ಅಷ್ಟ ಅಲ್ಲ, ಮನಷ್ಯಾನ ಉಳ್ಯಾಂಗಿಲ್ಲಂತ ಡಾಕ್ಟರ್ ಹೇಳ್ಯಾರ. ನನ್ನ ಮಾತ ಕೇಳವಲ್ರು. ನಿಮ್ಮ ವಿಡಿಯೋದ ಸಲುವಾಗಿ ನಿಂತಾರ. ನೀವ ಬ್ಯಾಡ ಅನ್ರಿ."

ಅತ್ತ ದರಿ, ಇತ್ತ ಪುಲಿ. ಕಾದರೆ ಹಾಡು ಸಿಗುತ್ತದೆ, ಮನುಷ್ಯ ಹೋಗುತ್ತಾನೆ. ಮನುಷ್ಯ ಉಳಿಯಬೇಕೆಂದರೆ ಹಾಡು ಹೋಗಬೇಕು, ಅದನ್ನು ಬೇಡ ಎನ್ನಬೇಕಾದವರು ನಾವೇ. ಇಬ್ಬರೂ ಅಂಗಡಿಗೆ ಹೋದೆವು. ನಾನೇ ಹೇಳಿದೆ: "ಚಾಚಾ, ನಾವು ಆ ಹಾಡ ಬಿಟ್ಟೇವಿ. ಬ್ಯಾರೆ ಮಾಡಾಕತ್ತೇವಿ."

ಅವರು ಯಂತ್ರ ನಿಲ್ಲಿಸಿದರು. "ಬಿಟ್ರ್ಯಾ?" ಅಂದರು. ನಾನು ಹೂಂ ಅಂದೆ. "ಆತು ಬಿಡು... ಚಲೋದ ಮಾಡ್ರಿ." ಮತ್ತೆ ಯಂತ್ರ ಸುರು ಮಾಡಿದರು. ಅದರೊಳಗೆ ಹತ್ತಿ ಇರಲಿಲ್ಲ, ಖಾಲಿ ತಿರುಗುತ್ತಿತ್ತು. ಅದನ್ನು ನೋಡುತ್ತಲೇ ನಿಂತರು. ಅದೇ ಅವರ ದನಿ ನಾನು ಕೇಳಿದ ಕೊನೆಯ ಸಲ.

ಆಪರೇಶನ್ ಆಯಿತು. ನಾವು ಮಿಲಿಟರಿ ಕ್ಯಾಂಪಿನ ಹಳೆಯ ಬಂಗಲೆಗಳ ಗೋಡೆಗಳ ಮುಂದೆ ಕ್ಲಾಸಿನವನೊಬ್ಬನ ಗಿಟಾರ್ ಹಾಡು ಶೂಟ್ ಮಾಡಿ ಕೊಟ್ಟೆವು. ಒಳ್ಳೆಯ ಅಂಕ ಬಂದವು. ಆ ವಿಡಿಯೋವನ್ನು ಇವತ್ತಿಗೂ ಪೂರ್ತಿ ನೋಡಲು ನನ್ನಿಂದ ಆಗುವುದಿಲ್ಲ.

ಜುಲೈನಲ್ಲಿ ಗುದ್ದಲಿ ಬಿತ್ತು. ಯಾರೂ ಕರೆಯಲಿಲ್ಲ, ಆದರೂ ಕೊನೆಯ ದಿನ ಹೋದೆವು. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು, ಮೇಲೆ ಎಡೆಬಿಡದ ಮಳೆ. ಗೆಳತಿಯ ಕ್ಯಾಮೆರಾಕ್ಕೆ ನಾನು ಕೊಡೆ ಹಿಡಿದಿದ್ದೆ. ಹಲಗೆ ನಿಂತವು. ಜನ ಕೈಕೈ ಹಿಡಿದು ನಿಂತರು, ಮುಂದೇನು ಎಂದು ತೋಚದೆ ನೆಲ ನೋಡುತ್ತಿದ್ದರು. ಆಗ ಚಾಚಾ ನಡುವೆ ಬಂದರು. ಹೊಸ ಅಂಗಿ, ಕೊರಳಿಗೆ ಬಿಳಿ ಬಟ್ಟೆ. ನಮ್ಮ ಕ್ಯಾಮೆರಾ ಕಂಡು ಒಂದು ಕ್ಷಣ ನಿಂತರು. ನಾವು ಆ ಹಾಡನ್ನು ಬಿಟ್ಟಿರಲಿಲ್ಲವೆಂದು ಅವರಿಗೆ ಆಗ ತಿಳಿದಿರಬೇಕು... ಸ್ವಲ್ಪ ತಿರುಗಿ, ಮುಖ ಸರಿಯಾಗಿ ನಮ್ಮ ಕಡೆ ಮಾಡಿಕೊಂಡು, ಬಾಯಿ ತೆರೆದು ಹಾಡತೊಡಗಿದರು.

ದನಿ ಇಲ್ಲ. ಮಳೆ ಮಾತ್ರ. ಆದರೆ ಅವರು ಇಡೀ ಹಾಡು ಹಾಡಿದರು, ಒಂದು ಸಾಲೂ ಬಿಡಲಿಲ್ಲ. ಅವರ ಬಾಯಿ ಮುಚ್ಚಿದಲ್ಲೆಲ್ಲ ಜನ ‘ಹಾಯ್ ಹಾಯ್’ ಎಂದು ಸೊಲ್ಲು ಹಿಡಿದರು.

ಆಮೇಲೆ ತಿಂಗಳುಗಟ್ಟಲೆ ಆ ಚಿತ್ರಕ್ಕೆ ಹಾಡು ಕೂಡಿಸಲು ಒದ್ದಾಡಿದೆ. ಊರವರು ಹಾಡಿ ತೋರಿಸಿದ ಧಾಟಿಗಳನ್ನೆಲ್ಲ ಒಂದೊಂದಾಗಿ ಅವರ ತುಟಿಗೆ ಹಚ್ಚಿ ನೋಡಿದೆ. ಯಾವುದೂ ಕೂಡಲಿಲ್ಲ. ಅವರು ಎಳೆಯುವಲ್ಲಿ ಇವರು ಮುಗಿಸುತ್ತಾರೆ, ಅವರು ಉಸಿರು ಬಿಡುವಲ್ಲಿ ಇವರು ಇನ್ನೂ ಹಾಡುತ್ತಿರುತ್ತಾರೆ. ಯಾವ ಅಕ್ಷರವನ್ನು ಅವರು ಎಷ್ಟು ಹೊತ್ತು ಹಿಡಿದರು ಎಂದು ನಾನು ಇವತ್ತಿಗೂ ಹೇಳಬಲ್ಲೆ. ಯಾವ ಸ್ವರದಲ್ಲಿ ಹಿಡಿದರು ಎಂದು ಮಾತ್ರ ಹೇಳಲಾರೆ. ಚಾಚಾ ಆಮೇಲೆ ಕೆಲವು ವರ್ಷ ಬದುಕಿದರು, ಅಂಗಡಿಯಲ್ಲಿ ಕೂರುತ್ತಿದ್ದರು, ನನ್ನನ್ನು ಕಂಡರೆ ಗಡ್ಡ ನೀವಿಕೊಂಡು ನಗುತ್ತಿದ್ದರು. ಹೋದ ವರ್ಷ ತೀರಿಕೊಂಡರು.

ಗಾದಿ ಬಿಚ್ಚಿದ ದಿನ ಸಂಜೆ ತಡೆಯಲಾಗದೆ ಗೆಳತಿಗೆ ಫೋನು ಮಾಡಿದೆ. ಅವಳು, ಆ ಹಾಡನ್ನು ಕೇಳಿಕೊಂಡು ಬಂದಿದ್ದ ಗುರುವಿನ ಮೊಮ್ಮಗನಿಗೆ ನನ್ನ ನಂಬರು ಕೊಟ್ಟಳು, ಅವನು ನನಗೆ ಫೋನು ಮಾಡಿದ. ಅವನು ಇಷ್ಟು ವರ್ಷ ಗೋವಾದಲ್ಲಿ ಕೆಲಸಕ್ಕಿದ್ದವನು, ಆಗಿನ ಸಂಗತಿ ಅವನಿಗೆ ಅರ್ಧಂಬರ್ಧ ಗೊತ್ತು. ಈ ಸಲ ಹೊಳೆಯ ದಂಡೆಯಲ್ಲಿ ಆ ಹಾಡನ್ನು ತಾನೇ ಹಾಡಬೇಕೆಂದು ಅವನ ಆಸೆ. ಅಜ್ಜನದೇ ಹಾಡಲ್ಲವೇ? ನಿಮ್ಮ ಹತ್ತಿರ ವಿಡಿಯೋ ಐತಂತ, ಕಳಸ್ರಿ ಎಂದ. ನಾನು ಕಳಿಸಿದೆ. ಏನು ಬರೆಯಬೇಕೆಂದು ತಿಳಿಯದೆ ಏನೂ ಬರೆಯದೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಅಕ್ಕಾ, ಬರೇ ಮಳಿ ಕೇಳಾಕತ್ತೈತಿ. ಹಾಡ ಇರೂದ ಕಳಸ್ರಿ."

ಇರುವುದು ಇಷ್ಟೇ ಎಂದೆ. ಅವನು ನಂಬಲಿಲ್ಲ. ಇಷ್ಟು ಚಂದ ಹಾಡುತ್ತಿರುವುದು ಕಾಣುತ್ತದಲ್ಲ, ಎಲ್ಲಾದರೂ ಇದ್ದೀತು, ಹುಡುಕ್ರಿ ಎಂದು ದಿನವೂ ಕೇಳುತ್ತಾನೆ. ಈಗ ಚಂದ್ರ ಕಾಣಲು ಹೆಚ್ಚು ದಿನ ಉಳಿದಿಲ್ಲ. ಅವನ ಫೋನು ಬಂದಾಗಲೆಲ್ಲ ಹುಡುಕುತ್ತೇನೆ ತಮ್ಮಾ ಎನ್ನುತ್ತೇನೆ.