ಎಡಬದಿಯಿಂದ ಬಂದ ಚಿಟ್ಟೆ

ಕೃಷ್ಣಪ್ರಸಾದರು ಸಿದ್ಧಕಟ್ಟೆ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ರಜೆ ಸಿಕ್ಕಿದರೆ ಚಿಟ್ಟೆಗಳ ಹಿಂದೆ. ಮದುವೆಮನೆಗೆ ಹೋದರೂ ಚಪ್ಪರದಾಚೆ ಲಿಂಬೆಗಿಡದ ಎಲೆ ಮಗುಚಿ ನೋಡುತ್ತಾರೆಂದು ನಂಟರು ನಗುತ್ತಿದ್ದರು. ಶಿರ್ತಾಡಿಯ ಜಯಪ್ರಕಾಶನ ಪರಿಚಯವಾದದ್ದೂ ಹಾಗೆಯೇ. ಮದುವೆಯ ಫೋಟೋ ತೆಗೆಯಲು ಬಂದಿದ್ದವನು, ಮದುಮಗಳನ್ನು ಕಾಯಿಸಿ ಮೇಷ್ಟ್ರು ತೋರಿಸಿದ ಚಿಟ್ಟೆಯ ಹುಳುವಿಗೆ ಕ್ಯಾಮರಾ ಹಿಡಿದ. ಆಮೇಲೆ ಹತ್ತಾರು ವರ್ಷ ಇಬ್ಬರೂ ಒಂದೇ ಬೈಕಿನಲ್ಲಿ ಗುಡ್ಡ, ತೋಡು, ರಬ್ಬರ್ ತೋಟ ಎಲ್ಲ ಸುತ್ತಿದರು.

ಮೇಷ್ಟ್ರಿಗೆ ಒಂದು ಆಸೆ ಉಳಿದಿತ್ತು. ಪ್ಯಾರಿಸ್ ಪೀಕಾಕ್ ಎಂಬ ಚಿಟ್ಟೆ; ಕಪ್ಪು ರೆಕ್ಕೆ, ಅದರ ಮೇಲೆ ನವಿಲು ಬಣ್ಣದ ಮಚ್ಚೆ. ಘಟ್ಟದ ಮೇಲಿನ ಕಾಡಿನಲ್ಲಿ ಅಪರೂಪಕ್ಕೆ ಕಾಣುವಂಥದ್ದು.

ಮಳೆ ಬಿಟ್ಟ ಒಂದು ಆದಿತ್ಯವಾರ ಹೊರಟರು. ಮಡಂತ್ಯಾರಿನಲ್ಲಿ ಬನ್ಸ್ ತಿಂದು, ಬೆಳ್ತಂಗಡಿ ದಾಟಿದ್ದರಷ್ಟೆ. ಎಡಗಡೆಯ ಒಳರಸ್ತೆಯಿಂದ ನುಗ್ಗಿದ ರಿಕ್ಷಾ, ಬೈಕು ಬಿಡುತ್ತಿದ್ದ ಜಯಪ್ರಕಾಶನಿಗೆ ಕಾಣಲೇ ಇಲ್ಲ. ಕೂದಲೆಳೆಯಲ್ಲಿ ತಪ್ಪಿತು.

"ನಿದ್ದೆ ಬಿಡ್ಲಿಲ್ವಾ ನಿನಗೆ?" ಎಂದರು ಮೇಷ್ಟ್ರು.

"ನಿನ್ನೆ ರಿಸೆಪ್ಶನ್ ಇತ್ತು ಮಾರಾಯ್ರೆ, ಮಲಗುವಾಗ ತಡ ಆಯ್ತು."

ಚಾರ್ಮಾಡಿಯಲ್ಲಿ ಬೈಕು ನಿಲ್ಲಿಸಿ ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ಮೇಷ್ಟ್ರು ಬೆರಳು ತೋರಿಸಿದ ಕಡೆ ಜಯಪ್ರಕಾಶ ಇಡೀ ತಲೆ ತಿರುಗಿಸಿ ಹುಡುಕುತ್ತಿದ್ದ. ಅಷ್ಟರಲ್ಲಿ ಚಿಟ್ಟೆ ಹೋಗಿರುತ್ತಿತ್ತು. ಬೇರಿಗೆ ಎಡವಿದ, ಕೊಂಬೆಗೆ ಹಣೆ ತಾಗಿಸಿಕೊಂಡ. ಮೇಷ್ಟ್ರಿಗೆ ಕಿರಿಕಿರಿಯಾಗತೊಡಗಿತು.

ಗುಡ್ಡಗಳ ಸಂದಿನ ಶೋಲಾ ಕಾಡಿನ ಅಂಚಿನ ಒರತೆಯ ಹತ್ತಿರ ಅದು ಬಂತು. ಎಡಬದಿಯಿಂದ ತೇಲಿಕೊಂಡು ಬಂದು ಒದ್ದೆ ಮಣ್ಣಿನ ಮೇಲೆ ಕೂತಿತು. ಮೇಷ್ಟ್ರು ನಿಂತಲ್ಲೇ ಬಗ್ಗಿದರು.

"ಎಡಗಡೆ... ನಿನ್ನ ಕಾಲ ಹತ್ತಿರ," ಎಂದು ಪಿಸುಗುಟ್ಟಿದರು.

"ಎಲ್ಲಿ?" ಎನ್ನುತ್ತಾ ಜಯಪ್ರಕಾಶ ಹೆಜ್ಜೆ ಇಟ್ಟದ್ದು ಸರಿಯಾಗಿ ಅದರ ಪಕ್ಕಕ್ಕೆ. ನೀಲಿ ಮಿಂಚೊಂದು ಎದ್ದು ಕಾಡಿನೊಳಗೆ ಮಾಯವಾಯಿತು.

"ಕಣ್ಣು ಉಂಟಾ ನಿನಗೆ? ದನದ ಹಾಗೆ ತುಳೀತಿಯಲ್ಲ! ನಿನ್ನನ್ನು ಕರ್ಕೊಂಡು ಬಂದದ್ದೇ ತಪ್ಪು!"

ಜಯಪ್ರಕಾಶ ಪೆಚ್ಚಾಗಿ ನಕ್ಕ. "ಕಂಡಿತು ಮೇಷ್ಟ್ರೇ, ಗಮನ ಇರ್ಲಿಲ್ಲ." ಅವನಿಗೆ ಕಂಡಿರಲಿಲ್ಲ. ಸಂಜೆಯವರೆಗೆ ಕಾದರೂ ಚಿಟ್ಟೆ ಮತ್ತೆ ಬರಲಿಲ್ಲ. ಇಳಿಯುವಾಗ ಮೇಷ್ಟ್ರು ಅವನಿಗೆ ಕಾಯದೆ ಮುಂದೆ ನಡೆದರು.

ಆಮೇಲೆ ಮೇಷ್ಟ್ರು ಅವನನ್ನು ಕರೆಯಲಿಲ್ಲ. ಮೂಡಬಿದಿರೆಯ ಕಾಲೇಜು ಹುಡುಗರ ಜೊತೆ ಹೋಗತೊಡಗಿದರು. ಆ ಹುಡುಗರ ಕಣ್ಣು ಚುರುಕು. ಎರಡನೆಯ ವರ್ಷ ಅದೇ ಗುಡ್ಡದಲ್ಲಿ ಪ್ಯಾರಿಸ್ ಪೀಕಾಕ್ ಕಂಡಿತು, ಫೋಟೋವೂ ಸಿಕ್ಕಿತು. ಜಯಪ್ರಕಾಶನಿಗೆ ಕಳಿಸೋಣವೆಂದು ಮೊಬೈಲು ತೆಗೆದವರು, ಏನು ಬರೆಯುವುದೆಂದು ತೋಚದೆ ಬಿಟ್ಟರು.

ಕೊನೆಗೆ ಬಂಟ್ವಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದ ಅವನ ಹೆಂಡತಿ ವಿಸ್ಮಿತಾ ಸಿಕ್ಕಿದಾಗ ವಿಷಯ ತಿಳಿಯಿತು.

"ಅವರೀಗ ಕೆಲಸಕ್ಕೆ ಹೋಗುವುದಿಲ್ಲ ಸರ್. ಕಣ್ಣಿನ ಒಳಗೆ ಒತ್ತಡ ಅಂತೆ, ಗ್ಲಾಕೋಮ. ಬದಿಯದ್ದು ಒಂದೂ ಕಾಣುವುದಿಲ್ಲ, ಎದುರಿನದ್ದು ಮಾತ್ರ, ಕೊಳವೆಯಲ್ಲಿ ನೋಡಿದ ಹಾಗೆ. ಎರಡು ವರ್ಷ ಮೊದಲೇ ಬಂದಿದ್ದರೆ ಇಷ್ಟು ಹೋಗ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ಹೋದದ್ದು ಬರುವುದಿಲ್ಲವಂತೆ."

ಮೇಷ್ಟ್ರಿಗೆ ಆ ದಿನ ನೆನಪಾಯಿತು. ರಿಕ್ಷಾ, ಬೇರು, ಕೊಂಬೆ, ಚಿಟ್ಟೆ. ಪ್ರತಿ ವರ್ಷ ಹತ್ತನೆಯ ತರಗತಿಗೆ ಕಣ್ಣಿನ ಪಾಠ ಮಾಡುವ ತಾನು ದಿನವಿಡೀ ಪಕ್ಕದಲ್ಲೇ ಇದ್ದು ನೋಡಿದ್ದೇನು?

ಮರುದಿನವೇ ಶಿರ್ತಾಡಿಗೆ ಹೋದರು. ಜಗಲಿಯಲ್ಲಿದ್ದ ಜಯಪ್ರಕಾಶ ಸ್ವರ ಕೇಳಿ ತಲೆ ತಿರುಗಿಸಿದ. ಮೇಷ್ಟ್ರು ತಡವರಿಸುತ್ತಾ, "ಅವತ್ತು ನಾನು ಹಾಗೆ ಹೇಳಬಾರದಿತ್ತು," ಎಂದರು.

"ಬೈದದ್ದು ಬಿಡಿ. ನೀವು ಬೈಯುವುದು ನನಗೆ ಹೊಸತಾ?" ಎಂದ ಜಯಪ್ರಕಾಶ. "ಮತ್ತೆ ಕರೀತೀರಿ ಅಂತ ಕಾದೆ. ಆಗ ಇನ್ನೂ ಸುಮಾರು ಕಾಣ್ತಿತ್ತು ಮೇಷ್ಟ್ರೇ," ಎಂದ.

ಈಗ ತಿಂಗಳಿಗೊಮ್ಮೆ ಅವನನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಮೇಷ್ಟ್ರೇ. ಬಸ್ಸಿನಲ್ಲಿ ಊರಿನ ಸುದ್ದಿ ಎಲ್ಲ ಮಾತಾಡುತ್ತಾರೆ. ಚಿಟ್ಟೆ ಕಂಡ ಸಂಗತಿಯನ್ನು ಮಾತ್ರ ಅವರು ಇನ್ನೂ ಹೇಳಿಲ್ಲ.