ತುಂಬಿದ ಟ್ರಾಲಿ ತಾಳುವ ನೆಲ

ಐನಾಪುರದ ಆಚೆ ನಮ್ಮ ತೋಟದ ಮನೆ. ಮನೆಯ ಹಿಂದಿನಿಂದಲೇ ಕಬ್ಬಿನ ಹೊಲ ಶುರುವಾಗಿ ರಸ್ತೆಯ ಕಡೆಯಿಂದ ಹಳ್ಳದ ಕಡೆಗೆ ಮೆಲ್ಲಗೆ ಇಳಿಯುತ್ತ ಹೋಗುತ್ತದೆ. ರಸ್ತೆಯ ಅಂಚಿಗೆ ಹರಳು ಕೂಡಿದ ಕೆಂಪು ಮಣ್ಣು, ನಡುವೆ ಅಪ್ಪಟ ಕರಿ ಎರೆ. ಹಳ್ಳದ ಮೂಲೆ ಮಾತ್ರ ಜವಳು. ಬೇಸಿಗೆಯಲ್ಲೂ ಅಲ್ಲಿ ಒಂದು ಹಿಡಿ ಮಣ್ಣು ತೆಗೆದರೆ ಬೆರಳಿಗೆ ತಂಪು ತಾಗುತ್ತದೆ. ನಮ್ಮ ಯಜಮಾನರಿಗೆ ರಾಯಬಾಗದಲ್ಲಿ ನೌಕರಿ. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯೇ ಅವರು ಬರುವುದು. ಹಾಗಾಗಿ ಹೊಲ ನೋಡುವವರು ನಾನು ಮತ್ತು ನನ್ನ ಮೈದುನ. ನನಗೆ ನಿಧಾನ ಜಾಸ್ತಿ, ಅವನಿಗೆ ಅವಸರ ಜಾಸ್ತಿ. ಎರಡೂ ಸೇರಿ ಒಕ್ಕಲುತನ ಹೇಗೋ ಸರಿಹೋಗಿದೆ.

ಆ ವರ್ಷ ಕಟಾವಿಗೆ ಬಂದ ಗ್ಯಾಂಗಿನವರು ಗಡಿಯಾಚೆಯವರು. ರಸ್ತೆಯ ಕಡೆಯ ಅರ್ಧ ಹೊಲದ ಕಬ್ಬು ಆಗಲೇ ಸಾಗಿತ್ತು. ಹಳ್ಳದ ಕಡೆಯ ಅರ್ಧವನ್ನೂ ಕಡಿದು, ಕಬ್ಬನ್ನು ಸಾಲುಗುಪ್ಪೆ ಹಾಕಿ ಮುಗಿಸಿದ್ದರು. ಅಷ್ಟರಲ್ಲಿ ಕಾಲವಲ್ಲದ ಕಾಲದಲ್ಲಿ ಮಳೆ ಬಂತು. ನಮ್ಮ ಕಡೆ ಅದಕ್ಕೆ ಅವಕಾಳಿ ಎನ್ನುತ್ತಾರೆ. ಒಂದು ಸಂಜೆ ಹೊಡೆದು, ಮರುದಿನ ಸಂಜೆ ಮತ್ತೆ ಬಂದು ಹೋಯಿತು.

ಕಡಿದ ಕಬ್ಬು ನೆಲದ ಮೇಲೆ ಬಿದ್ದಷ್ಟೂ ಒಣಗುತ್ತದೆ, ರಸ ಇಳಿಯುತ್ತದೆ. ಬೇಗ ಸಾಗಿಸಬೇಕು. ಆದರೆ ಸಾಗಿಸುವುದಕ್ಕಿಂತ ದೊಡ್ಡ ಚಿಂತೆ ನನಗೆ ನೆಲದೊಳಗಿನ ಬೊಡ್ಡೆಗಳದು. ಆ ಹೊಲದಲ್ಲಿ ಹೊಸ ಬೀಜ ನೆಡುವ ವಿಚಾರ ಇರಲಿಲ್ಲ. ಕಡಿದ ಬೊಡ್ಡೆಯಿಂದಲೇ ಚಿಗುರುವ ಕೂಳೆ ಬೆಳೆಯನ್ನು ಇನ್ನೊಂದು ವರ್ಷ ಹಿಡಿಯಬೇಕೆಂದಿದ್ದೆ. ಹಸಿ ಎರೆಯ ಮೇಲೆ ತುಂಬಿದ ಟ್ರಾಲಿ ಹೋದರೆ ಬೊಡ್ಡೆ ಜಜ್ಜಿಹೋಗುತ್ತದೆ, ಮಣ್ಣು ಒತ್ತಿ ಇಟ್ಟಿಗೆಯಾಗುತ್ತದೆ. ಅದರ ಕೆಳಗಿನ ಚಿಗುರು ಮೇಲೆ ಬರುವುದಿಲ್ಲ. ಬಾಜೂ ಹೊಲದಲ್ಲಿ ಆ ವಾರವೇ ಒಂದು ಟ್ರಾಲಿ ಅಚ್ಚಿನವರೆಗೆ ಹೂತಿತ್ತು. ಎಳೆಯಲು ಜೆಸಿಬಿ ಬಂತು. ಟ್ರಾಲಿ ಹೊರಬಂದಾಗ ಅಲ್ಲಿ ಕಬ್ಬಿನ ಸಾಲು ಇರಲಿಲ್ಲ, ಎಮ್ಮೆ ಹೊರಳಿದ ಹೊಂಡ ಇತ್ತು. ನಾನು ಅದನ್ನು ನೋಡಿ ಬಂದಿದ್ದೆ. ನಮ್ಮ ಹೊಲಕ್ಕೆ ಆ ಗತಿ ಬರಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಬಿಸಿಲು ಬಿದ್ದು ಗಾಳಿ ಬೀಸತೊಡಗಿದ ಮೇಲೆ ಮೈದುನ ಬರಿಗಾಲಲ್ಲಿ ಹೊಲದ ತುಂಬ ಓಡಾಡಿ ಬಂದ.

"ವೈನೀ, ಕಾಲಿಗಿ ಒಂದ ಚೂರೂ ರಾಡಿ ಹತ್ತಿಲ್ಲ ನೋಡ್ರಿ. ಗಾಡಿ ಕರಸೂಣು."

"ನಿನ್ನ ಕಾಲು ಬ್ಯಾರೆ, ಟ್ರಾಲಿ ಗಾಲಿ ಬ್ಯಾರೆ. ನೀ ಎಷ್ಟ ಉಂಡ್ರೂ ಕಬ್ಬಿನ ಟ್ರಾಲಿ ಆಗಂಗಿಲ್ಲ."

"ಈಗರೆ ಎರಡ ರೊಟ್ಟಿ ಹೆಚ್ಚ ಹಾಕ್ರಿ, ಆಗೂಣು ಬಿಡ್ರಿ," ಎಂದು ನಕ್ಕ. ಆದರೂ ಮೊಬೈಲು ತೆಗೆದ. ನಾನು ತಡೆದೆ.

ನಾನು ನೆಲ ನೋಡುವ ರೀತಿ ಹೀಗೆ. ಮೇಲಿನ ಮಣ್ಣನ್ನು ಕೆರೆದು ಬಿಟ್ಟು ಗೇಣು ಆಳದಿಂದ ಒಂದು ಮುದ್ದೆ ತೆಗೆದು ಅಂಗೈ ಮೇಲೆ ಹೊಸೆಯುತ್ತೇನೆ. ಬೇಸಿಗೆಯಲ್ಲಿ ಶಾವಿಗೆ ಹೊಸೆದು ರೂಢಿಯಾದ ಕೈ ಇದು. ಎಳೆ ಬೆರಳುದ್ದ ಆಗುವ ಮೊದಲೇ ತುಂಡುತುಂಡಾದರೆ ನೆಲ ಹದಕ್ಕೆ ಬಂದಿದೆ ಎಂದರ್ಥ. ಮುರಿಯದೆ ಉದ್ದಕ್ಕೆ ಇಳಿಯುತ್ತ ಹೋದರೆ ಒಳಗೆ ಇನ್ನೂ ನೀರಿದೆ. ಅಂದು ಮೇಲಿನ ಮಣ್ಣು ಪಟಪಟನೆ ಮುರಿಯಿತು. ಒಳಗಿನದು ಶಾವಿಗೆಯಂತೆ ಜೋತುಬಿದ್ದಿತು. ಮೇಲೆ ಹಪ್ಪಳ, ಕೆಳಗೆ ಅಂಬಲಿ.

ಇನ್ನೊಂದು ಪರೀಕ್ಷೆ ರಸ್ತೆ ಮಾಡುವವರಿಂದ ಕಲಿತದ್ದು. ನಮ್ಮ ಮುಂದಿನ ರಸ್ತೆ ಅಗಲ ಮಾಡುವಾಗ ಅವರ ಇಂಜಿನಿಯರು ಒಂದು ಕಬ್ಬಿಣದ ಸರಳು ನಿಲ್ಲಿಸಿ, ಅದರ ಮೇಲೆ ಭಾರ ಬೀಳಿಸಿ, ಎಷ್ಟು ಇಳಿಯಿತೆಂದು ನೋಡುತ್ತಿದ್ದರು. ನೀರು ಕೇಳಲು ಮನೆಗೆ ಬಂದಾಗ ಯಾಕೆಂದು ಕೇಳಿದ್ದೆ. ಮೇಲೆ ಕಂಡ ಗಟ್ಟಿತನ ನಂಬಬಾರದು, ಭಾರದ ಗಾಡಿಯ ಒತ್ತಡ ಆಳಕ್ಕೆ ಹೋಗುತ್ತದೆ ಎಂದು ಅವರು ಬಿಡಿಸಿ ಹೇಳಿದ್ದರು. ನನ್ನ ಹತ್ತಿರ ಅಂಥ ಸಾಮಾನು ಎಲ್ಲಿಯದು? ಮನೆಯ ಹಾರೆಯನ್ನು ಸೊಂಟದೆತ್ತರಕ್ಕೆ ನೆಟ್ಟಗೆ ಹಿಡಿದು ಬಿಡುತ್ತೇನೆ, ಅಷ್ಟೆ. ಒಣ ನೆಲದಲ್ಲಿ ಎರಡು ಬೆರಳು ಇಳಿದು ನಿಲ್ಲುತ್ತದೆ.

ಗಾಡಿ ಬರಬೇಕಾದ ದಾರಿಗುಂಟ ಹಾರೆ ಬಿಡುತ್ತ ಹೋದೆ. ಆಶ್ಚರ್ಯವೆಂದರೆ ಅಕ್ಕಪಕ್ಕದ ಬರಿ ನೆಲಕ್ಕಿಂತ ದಾರಿಯಲ್ಲೇ ಅದು ಹೆಚ್ಚು ಇಳಿಯಿತು, ಮೊಳದ ಹತ್ತಿರಕ್ಕೆ. ಬಗ್ಗಿ ಕಾಲ ಕೆಳಗಿನ ಹಾಸು ಎತ್ತಿ ನೋಡಿದಾಗ ಕಾರಣ ಗೊತ್ತಾಯಿತು. ಮಳೆ ನಿಂತ ಮರುದಿನವೇ ಮೈದುನ ದಾರಿಯ ತುಂಬ ರವದಿ, ಅಂದರೆ ಕಬ್ಬಿನ ಒಣ ಎಲೆ, ದಪ್ಪಗೆ ಹಾಸಿಬಿಟ್ಟಿದ್ದ. ಟೈರಿಗೆ ಹಿಡಿತ ಸಿಗಲಿ ಎಂದು ಇಲ್ಲಿ ಎಲ್ಲರೂ ಹಾಸುತ್ತಾರೆ, ತಪ್ಪಲ್ಲ. ಆದರೆ ಹಾಸಬೇಕಾದದ್ದು ಗಾಡಿ ಬರುವ ಹೊತ್ತಿಗೆ. ಮೊದಲೇ ಹಾಸಿದರೆ ರೊಟ್ಟಿಗೆ ಅರಿವೆ ಸುತ್ತಿದ ಹಾಗೆ. ಒಳಗಿನ ಹಬೆ ಹೊರಗೆ ಹೋಗುವುದೇ ಇಲ್ಲ.

"ನಾ ಒಳ್ಳೇದಕ್ಕ ಮಾಡೇನ್ರಿ," ಎಂದ ಮೈದುನ, ಮುಖ ಸಣ್ಣ ಮಾಡಿ.

"ಒಳ್ಳೇದಕ್ಕ ಮಾಡೀದಿ, ಖರೆ. ಈಗ ನನ್ನ ಜೋಡಿ ಬಾ, ಒಳ್ಳೇದಕ್ಕ ತಗಿಯೂಣು."

ಬಿಸಿಲು ನೆತ್ತಿಗೆ ಬರುವವರೆಗೆ ಇಬ್ಬರೂ ರವದಿ ಎಳೆದು ಬದುವಿಗೆ ಹಾಕಿದೆವು. ಕೆಳಗಿನ ಕಪ್ಪು ಮಣ್ಣು ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬಿಸಿಲಿಗೆ ಬಿಟ್ಟೆವು.

ಮಧ್ಯಾಹ್ನ ಗ್ಯಾಂಗಿನ ಮುಕಾದಮ ಬಂದ. ಅವರ ಗುಂಪಿನ ಯಜಮಾನಿಕೆ ಅವನದು. ಮರಾಠಿ ಬೆರೆಸಿ ಕನ್ನಡ ಆಡುತ್ತಿದ್ದ.

"ಅಕ್ಕಾ, ಉದ್ಯಾ ನಾವು ಅಥಣಿ ಕಡೀಗಿ ಹೋಗಬೇಕು. ಅಲ್ಲಿ ಹೊಲಾ ಕಾಯಾಕತ್ತಾವು. ಗಾಡಿ ತರಸ್ತೀರೋ, ಕಬ್ಬ ಇಲ್ಲೇ ಬಿಟ್ಟ ಹೋಗೂಣೋ?"

"ನಾಳಿ ಮಧ್ಯಾಹ್ನ ತರಸ್ತೀನಿ. ತುಂಬಿ ಸಂಜೀಕ ಹೋಗ್ರಿ. ನಾಳಿ ಊಟಾ ಎಲ್ಲಾರದೂ ನಮ್ಮಲ್ಲೇ."

"ಊಟಾ ಏನು?"

"ಝುಣಕಾ, ರೊಟ್ಟಿ, ಶೇಂಗಾ ಚಟ್ನಿ."

"ಝುಣಕಾಕ್ಕ ಖಾರ ಹಾಕಿದ್ರ ನಿಲ್ಲತೀವಿ," ಎಂದು ಮೀಸೆಯಲ್ಲೇ ನಕ್ಕು ಹೋದ. ನನಗೆ ಸಿಕ್ಕಿದ್ದು ಅಷ್ಟೇ ವೇಳೆ.

ಮರುದಿನ ರೊಟ್ಟಿ ಬಡಿದಿಟ್ಟು ಹಾರೆ ಹಿಡಿದು ಹೊರಟೆ. ಬಯಲಾಗಿ ಬಿದ್ದ ದಾರಿಯ ಮಣ್ಣು ಈಗ ಅಂಗೈಯಲ್ಲಿ ಮುರಿಯುತ್ತಿತ್ತು. ಹಾರೆ ನಾಲ್ಕು ಬೆರಳಿಗೆ ನಿಂತಿತು. ಪೂರ್ತಿ ಒಣಗಿರಲಿಲ್ಲ, ಆದರೆ ಹುಷಾರಿಂದ ಹೋದರೆ ತಾಳಬಹುದು ಅನ್ನಿಸಿತು. ಹಳ್ಳದ ಮೂಲೆ ಮಾತ್ರ ಇದ್ದಂತೆಯೇ ಇತ್ತು.

ಟ್ರ್ಯಾಕ್ಟರು ಎರಡು ಟ್ರಾಲಿ ಕಟ್ಟಿಕೊಂಡು ಬಂತು. ಡ್ರೈವರ್ ಸೀದಾ ಮೂಲೆಯವರೆಗೆ ಇಳಿಸುವ ಮನಸ್ಸಿನಲ್ಲಿದ್ದ.

"ಅಕ್ಕಾರ, ನಾ ಹೊಳಿ ದಂಡಿ ಹೊಲದಾಗ ಗಾಡಿ ಹೊಡದಂವ. ನಿಮ್ಮ ಮೂಲಿ ಏನ ದೊಡ್ಡದು?"

"ಬರ್ರಿ, ನೀವ ನೋಡ್ರಿ," ಎಂದು ಹಾರೆಯನ್ನು ಅವನ ಕೈಗೇ ಕೊಟ್ಟೆ. ಅವನು ಬಿಟ್ಟ. ಅದು ಸದ್ದಿಲ್ಲದೆ ಇಳಿದುಹೋಯಿತು. ಎರಡೂ ಕೈಯಿಂದ ಎಳೆದು ತೆಗೆಯಬೇಕಾಯಿತು.

"ಏ ಇಲ್ಲ ಬಿಡ್ರಿ. ಹಾರೀನ ಬಿಡವಲ್ದು, ನನ್ನ ಗಾಡಿ ಬಿಟ್ಟೀತೇನು?"

ಆಮೇಲೆ ಮಾತು ಸುಲಭವಾಯಿತು. ಒಂದು ಟ್ರಾಲಿಯನ್ನು ರಸ್ತೆಯಲ್ಲೇ ಕಳಚಬೇಕು. ಇನ್ನೊಂದನ್ನು ಹಿಮ್ಮುಖವಾಗಿ ಒಳಗೆ ತರಬೇಕು, ತುಂಬಿದ ಮೇಲೆ ಹೊಲದಲ್ಲಿ ತಿರುಗಿಸುವಂತಿಲ್ಲ. ಹಸಿ ನೆಲ ಹೆಚ್ಚು ಕೆಡುವುದು ತಿರುಗುವಲ್ಲಿಯೇ. ಪ್ರತಿ ಸಲವೂ ಗಾಲಿ ಹೊಸ ಗೆರೆಯಲ್ಲಿ ಹೋಗಬೇಕು. ನೆಲದ ಗುರುತು ಕಣ್ಣಿಗೆ ಕಾಣಲೆಂದು ರವದಿ ಮತ್ತೆ ಹಾಸುವುದು ಬೇಡವೆಂದೆ. ಮೂಲೆಯ ಕಬ್ಬನ್ನು ದಾರಿಯವರೆಗೆ ತಲೆಯ ಮೇಲೆ ಹೊರಬೇಕು. ಗ್ಯಾಂಗಿನ ಹೆಣ್ಣುಮಕ್ಕಳು ಗೊಣಗಿದರು. ಮೈದುನ ತಾನೂ ಒಂದು ಹೊರೆ ಎತ್ತಿ, ನಾಲ್ಕು ಹೆಜ್ಜೆಗೆ ವಾಲಿದ.

"ಭಾವೂ, ಸಣ್ಣ ಹೊರಿ ಕಟ್ಟಿಕೊಡೂಣೇನು, ಕೂಸ ಎತ್ತಿಕೊಂಡಂಗ?" ಎಂದಳು ಒಬ್ಬಳು. ಗೊಣಗಾಟ ನಗೆಯಾಗಿ, ಕೆಲಸ ಓಡಿತು.

ತುಂಬಿದ ಮೊದಲ ಟ್ರಾಲಿ ಹೊರಟಿತು. ಎರೆಯ ನಡುವೆ ಗಾಲಿ ಮೆಲ್ಲಗೆ ಇಳಿಯತೊಡಗಿತು. ಡ್ರೈವರ್ ಹೆದರಿ ಕಾಲು ಸಡಿಲಿಸಿದ.

"ನಿಂದ್ರಸಬ್ಯಾಡ್ರಿ! ಒಂದೇ ಸವನ ಹೋಗ್ರಿ!" ಎಂದು ಕೂಗಿದೆ. ಕಪ್ಪು ಹೊಗೆ ಉಗುಳುತ್ತ ಟ್ರ್ಯಾಕ್ಟರು ಕೆಂಪು ಮಣ್ಣು ಮುಟ್ಟಿತು. ಬಗ್ಗಿ ಗಾಲಿಗುರುತು ನೋಡಿದೆ. ಟೈರಿನ ಕಚ್ಚು ಚೊಕ್ಕವಾಗಿ ಮೂಡಿತ್ತು, ನೀರು ಒಸರಿರಲಿಲ್ಲ. ಎರಡನೆಯ ಟ್ರಾಲಿಯೂ ಪಕ್ಕದ ಗೆರೆಯಲ್ಲಿ ಹೋಯಿತು. ಆದರೆ ಅದು ಹೋದ ಮೇಲೆ ನೋಡಿದರೆ ಗುರುತಿನ ತಳ ಹೊಳೆಯುತ್ತಿತ್ತು. ಬೆರಳಿಟ್ಟರೆ ಒದ್ದೆ. ಉಳಿದದ್ದು ಅರ್ಧ ಟ್ರಾಲಿಯ ಕಬ್ಬು. ಅದಕ್ಕೆಂದು ಕರೆಸಿದ ಮೂರನೆಯ ಟ್ರಾಲಿ ರಸ್ತೆಯಲ್ಲಿ ಬಂದು ನಿಂತಿತ್ತು.

"ಇನ್ನೊಂದ ಸಲ ವೈನಿ, ಒಂದೇ ಸಲ. ಮುಗೀತು," ಎಂದ ಮೈದುನ.

"ಇಲ್ಲ. ನೆಲಾ ಸಾಕಂದೈತಿ."

"ರಸ್ತೇತನಕಾ ಯಾರ ಹೊರಬೇಕ್ರಿ?"

"ನೀ, ನಾ, ಇಲ್ಲಿರೂ ಎಲ್ಲಾರೂ."

ಮುಕಾದಮ ಬಿಸಿಲ ಕಡೆ ನೋಡಿದ, ನನ್ನ ಕಡೆ ನೋಡಿದ. ಆಮೇಲೆ ತಲೆಗೆ ಸಿಂಬಿ ಸುತ್ತಿಕೊಂಡ. ನಾನೂ ಸೆರಗು ಬಿಗಿದು ಒಂದು ಹೊರೆ ಎತ್ತಿದೆ. ಕಬ್ಬಿನ ತುದಿ ಕೆನ್ನೆಗೆ ತಾಗಿ ಉರಿಯುತ್ತಿತ್ತು, ಕುತ್ತಿಗೆ ಹಿಡಿದುಕೊಂಡಿತು. ಅರ್ಧ ಮುಗಿಯುವ ಹೊತ್ತಿಗೆ ರಾಯಬಾಗದ ಬಸ್ಸಿಳಿದು ಯಜಮಾನರು ಬಂದರು.

"ಯಾಕ, ಗಾಡಿ ಒಳಗ ಹೋಗಂಗಿಲ್ಲೇನು?"

"ಹೋಗತೈತಿ. ಹೊಳ್ಳಿ ಬರಂಗಿಲ್ಲ."

ಅವರು ಬ್ಯಾಗನ್ನು ಬದುವಿನ ಮೇಲಿಟ್ಟು ಪ್ಯಾಂಟು ಮಡಚಿದರು.

ಹೊತ್ತು ಮುಳುಗುವ ಮುನ್ನ ಹೊಲ ಖಾಲಿಯಾಯಿತು. ಗ್ಯಾಂಗಿನವರು ಅಥಣಿಯ ದಾರಿ ಹಿಡಿದರು. ನೆಲ ಇನ್ನಷ್ಟು ಆರಿದ ಮೇಲೆ ನಾನು ಮತ್ತು ಮೈದುನ ಗಾಲಿ ಒತ್ತಿದ ಪಟ್ಟಿಗಳನ್ನು ಗುದ್ದಲಿಯಿಂದ ಸಡಿಲು ಮಾಡಿದೆವು. ಹೊಲವೆಲ್ಲ ಚಿಗುರಿದ ಮೇಲೂ ಆ ಪಟ್ಟಿಗಳು ಬೋಳಾಗಿಯೇ ಇದ್ದವು. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಮೊದಲ ಟ್ರಾಲಿ ಹೋದ ಗೆರೆಯಲ್ಲಿ ತಡವಾಗಿ, ತೆಳ್ಳಗೆ ಹಸಿರು ಕಂಡಿತು. ಎರಡನೆಯ ಟ್ರಾಲಿಯ ಗೆರೆಯಲ್ಲಿ ಕೆಲವು ಬೊಡ್ಡೆ ಸತ್ತೇಹೋದವು. ಬೇರೆ ಕಡೆಯಿಂದ ಬೊಡ್ಡೆ ಕಿತ್ತು ತಂದು ಅಲ್ಲಿ ನಾಟಿದೆವು. ಮೂರನೆಯ ಟ್ರಾಲಿ ಹೋಗದ ಜಾಗದಲ್ಲಿ ಕೂಳೆ ಮೊಣಕಾಲೆತ್ತರಕ್ಕೆ, ಒತ್ತಾಗಿ ಎದ್ದಿತ್ತು.